ಯಾವ ರಸ್ತೆಗೆ ಮೊದಲ ಹಣ?



ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿಯ ಒಳರಸ್ತೆಗಳು ನಗರಾಡಳಿತದವು. ಪೂರ್ವಕ್ಕಿರುವ ಬನ್ನೇರುಘಟ್ಟ ರಸ್ತೆ ಮುಂದೆ ಆನೇಕಲ್ ಕಡೆಗೆ ರಾಜ್ಯ ಹೆದ್ದಾರಿ. ಪಶ್ಚಿಮದ ಕನಕಪುರ ರಸ್ತೆ ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948. ಒಂದೇ ಬಡಾವಣೆಯ ಸುತ್ತ ಮೂರು ಖಜಾನೆಗಳು. ಹಾಗಾಗಿ ರಸ್ತೆ ಯಾರದು ಎಂಬುದು ಮೊದಲ ಪ್ರಶ್ನೆ.

ಎರಡನೆಯದು, ಸಂಚಾರ ಎಷ್ಟು? ಹೆದ್ದಾರಿ ಅಗಲ ಮಾಡುವ ಮೊದಲು ಹಗಲು ರಾತ್ರಿ ವಾಹನ ಎಣಿಸುತ್ತಾರೆ. ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಪಟ್ಟಿಯಲ್ಲಿ ಬೈಕು ಅರ್ಧ ಕಾರಿಗೆ ಸಮ, ಬಸ್ಸು ಮತ್ತು ಲಾರಿ ಮೂರಕ್ಕೆ, ಎತ್ತಿನ ಗಾಡಿ ಎಂಟಕ್ಕೆ! ನಿಧಾನವಾಗಿ ಸಾಗುವ ಗಾಡಿ ಹಿಂದಿನವರನ್ನೆಲ್ಲ ತಡೆಯುತ್ತದಲ್ಲ, ಅದಕ್ಕೇ ಈ ತೂಕ. ಇಂಥ ಲೆಕ್ಕದಲ್ಲಿ ದಿನಕ್ಕೆ 15,000 ದಾಟಿದರೆ ಚತುಷ್ಪಥ ಎಂದಿದ್ದ ಮಿತಿಯನ್ನು ಕೇಂದ್ರ ಸರ್ಕಾರ 2014ರಲ್ಲಿ 10,000ಕ್ಕೆ ಇಳಿಸಿತು.

ಮೂರನೆಯದು ಲಾಭದ ಲೆಕ್ಕ. ಉಳಿಯುವ ಡೀಸೆಲ್, ಉಳಿಯುವ ಹೊತ್ತು, ತಪ್ಪುವ ಅಪಘಾತ, ಇವಕ್ಕೆಲ್ಲ ಬೆಲೆ ಕಟ್ಟಿ ಖರ್ಚಿನ ಎದುರು ಇಡುತ್ತಾರೆ. ಸಮಾಜಕ್ಕೆ ವರ್ಷಕ್ಕೆ ಶೇಕಡಾ 12ರಷ್ಟಾದರೂ ಪ್ರತಿಫಲ ಬರಬೇಕೆಂಬುದು ವಾಡಿಕೆಯ ಅಳತೆ. ಭೂಸ್ವಾಧೀನ ಮುಗಿಯದಿದ್ದರೆ ಎಷ್ಟೇ ಒಳ್ಳೆಯ ಯೋಜನೆಯೂ ಕಡತದಲ್ಲೇ ಕೂರುತ್ತದೆ. ಸಾವುನೋವಿಗೂ ಪ್ರತ್ಯೇಕ ಗಣನೆಯಿದೆ: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಐದು ಗಂಭೀರ ಅಪಘಾತಗಳಾದರೆ ಅಥವಾ ಹತ್ತು ಮಂದಿ ಸತ್ತರೆ ಆ ಜಾಗ 'ಬ್ಲಾಕ್ ಸ್ಪಾಟ್'. ಅದರ ದುರಸ್ತಿ ಮೊದಲಾಗಬೇಕು.

ಈ ಲೆಕ್ಕಕ್ಕೆ ಅರ್ಥವಿದೆ, ಹಣ ಮಿತವಾದದ್ದು. ಆದರೆ ಇದಕ್ಕೆ ಕಾಣದ ಜನರಿದ್ದಾರೆ. ಅದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವ ಊರುಗಳಿವೆ. ಅಲ್ಲಿ ವಾಹನ ಎಣಿಸಿದರೆ ಸೊನ್ನೆ ಬರುತ್ತದೆ. ರಸ್ತೆಯಿಲ್ಲದ್ದಕ್ಕೇ ವಾಹನವಿಲ್ಲ, ವಾಹನವಿಲ್ಲವೆಂದು ರಸ್ತೆಯಿಲ್ಲ.

ಈ ಸುಳಿಯಿಂದ ಹೊರಬರಲು 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ವಾಹನ ಬಿಟ್ಟು ಜನರನ್ನು ಎಣಿಸಿತು: ಬಯಲಲ್ಲಿ 500 ಜನರಿರುವ ಊರಿಗೆ, ಗುಡ್ಡಗಾಡಿನಲ್ಲಿ 250 ಜನರಿರುವ ಊರಿಗೆ ಸರ್ವಋತು ರಸ್ತೆ. ಎಣಿಸುವ ವಸ್ತು ಬದಲಾಯಿತು, ಸರದಿಯೂ ಬದಲಾಯಿತು.

ಆದ್ದರಿಂದ ಹೊಸ ರಸ್ತೆಯ ಘೋಷಣೆ ಕೇಳಿದಾಗ ನಮ್ಮ ಶಾಸಕರನ್ನೂ ಸಂಸದರನ್ನೂ ಎರಡು ಪ್ರಶ್ನೆ ಕೇಳೋಣ. ಇದನ್ನು ಆರಿಸುವಾಗ ಏನನ್ನು ಎಣಿಸಿದಿರಿ? ಇದಕ್ಕಾಗಿ ಯಾವ ರಸ್ತೆ ಹಿಂದೆ ಸರಿಯಿತು? ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಈ ಉತ್ತರ ಸಲ್ಲಬೇಕು.