ಎಲ್ಲಿ ಕೂಡೋಣ?
(ಬಾನುಲಿ ಭಾಷಣ)



ನಮ್ಮದೊಂದು ಚಿಕ್ಕ ಬಳಗ. ಎಲ್ಲ ಸೇರಿ ಇಪ್ಪತ್ತೇಳು ಜನ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಹರಡಿಕೊಂಡವರು. ಒಬ್ಬರು ಗಡಿಯಾಚೆ ಅಕ್ಕಲಕೋಟೆಯಲ್ಲಿದ್ದಾರೆ, ಇಬ್ಬರು ಹೊಟ್ಟೆಪಾಡಿಗಾಗಿ ಪುಣೆ ಸೇರಿದ್ದಾರೆ. ನಮ್ಮನ್ನು ಒಬ್ಬರಿಗೊಬ್ಬರು ಪರಿಚಯಿಸಿದ್ದು ಈ ಬಾನುಲಿಯೇ. ಮೆಚ್ಚಿನ ಹಾಡು ಕೋರಿ ಬರೆದವರ ಹೆಸರುಗಳನ್ನು ಓದುತ್ತಾರಲ್ಲ, ಅವನ್ನು ವಾರ ವಾರವೂ ಕೇಳಿ ಕೇಳಿ, ‘ನನ್ನಂತೆಯೇ ಈ ಹಾಡನ್ನು ಬಯಸಿದ ಇವರು ಯಾರಿರಬಹುದು’ ಎಂಬ ಕುತೂಹಲ ಹುಟ್ಟಿತು. ಕುತೂಹಲ ಕಾಗದವಾಯಿತು, ಕಾಗದ ಈಚೆಗೆ ಮೊಬೈಲಿನ ಮಾತಾಯಿತು. ಓದಿದ ಪುಸ್ತಕ, ಕೇಳಿದ ಪದ, ಮಳೆ, ಬೆಳೆ, ಮಗಳ ಮದುವೆ ಎಲ್ಲವನ್ನೂ ಹಂಚಿಕೊಂಡೆವು. ಆದರೆ ಹನ್ನೊಂದು ವರ್ಷಗಳಲ್ಲಿ ನಮ್ಮಲ್ಲಿ ಹೆಚ್ಚಿನವರು ಒಬ್ಬರ ಮುಖವನ್ನು ಒಬ್ಬರು ಕಂಡಿರಲಿಲ್ಲ.

ಒಂದು ದಿನ ಎಲ್ಲರೂ ಕೂಡೋಣವೆಂದು ಯಾರೋ ಅಂದರು. ಎಲ್ಲರೂ ಹೌದೆಂದರು. ಎಲ್ಲಿ ಎಂದು ಕೇಳಿದ್ದೇ ತಡ, ಅಷ್ಟು ವರ್ಷ ಒಂದು ಬಿರುನುಡಿಯನ್ನೂ ಆಡದವರು ವಾದಕ್ಕೆ ನಿಂತರು. ಸ್ಥಳವನ್ನು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತನಾದವನಿಗೆ ಬೇರೇನು ಕೆಲಸವೆಂದು ಅವರೆಣಿಸಿರಬೇಕು.

ನಾನು ಮೊದಲು ಮಾಡಿದ್ದು ಭೂಪಟ ಬಿಡಿಸಿದ್ದು. ಮೂರು ಊರುಗಳ ನಡುವೆ ದಾರ ಎಳೆದು ನೋಡಿದರೆ ಮಧ್ಯಬಿಂದು ಚೌಡಾಪುರದ ಆಸುಪಾಸಿಗೆ ಬರುತ್ತದೆ. ಅಫಜಲಪುರದ ಹಾದಿಯಲ್ಲಿ ಗಾಣಗಾಪುರಕ್ಕೆ ತಿರುಗುವ ಕೂಡುದಾರಿ ಅದು. ನ್ಯಾಯ ಸಿಕ್ಕಿತೆಂದು ಹಿಗ್ಗಿದೆ. ಆದರೆ ದಾರ ಎಳೆದಂತೆ ಬಸ್ಸು ಓಡುವುದಿಲ್ಲ. ಜೇವರ್ಗಿಗೂ ಉಳಿದೆರಡು ಊರುಗಳಿಗೂ ನಡುವೆ ಭೀಮೆ ಹರಿಯುತ್ತಾಳೆ. ಆ ಕಡೆಯ ಹೆಚ್ಚಿನವರು ಕಟ್ಟಿಸಂಗಾವಿಯ ಸೇತುವೆ ದಾಟಿ ಕಲಬುರಗಿಗೆ ಬಂದು, ಅಲ್ಲಿ ಬಸ್ಸು ಬದಲಿಸಬೇಕು. ಬಸ್ಸಿನ ಲೆಕ್ಕದಲ್ಲಿ ಮೂರು ತಾಲ್ಲೂಕುಗಳ ನಡುಮಧ್ಯ ಕಲಬುರಗಿಯೇ, ಭೂಪಟದಲ್ಲಿ ಅದು ಒಂದು ಪಕ್ಕಕ್ಕಿದ್ದರೂ.

ಹಾಗಾದರೆ ಕಲಬುರಗಿಯೇ ಆಗಲಿ ಎಂದರು ಪುಣೆಯವರು, ರೈಲಿಳಿದರೆ ಊರು. ನನಗೆ ಮನಸ್ಸಾಗಲಿಲ್ಲ. ನಗರದಲ್ಲಿ ಕೂಡಬೇಕಾದರೆ ಸಭಾಭವನ ಬೇಕು, ಸಭಾಭವನಕ್ಕೆ ಬಾಡಿಗೆ ಬೇಕು, ಬಾಡಿಗೆ ಕೊಟ್ಟ ಮೇಲೆ ವೇದಿಕೆ ಇದ್ದೇ ಇರುತ್ತದೆ. ವೇದಿಕೆ ಇದ್ದಮೇಲೆ ನಮ್ಮಲ್ಲಿ ನಾಲ್ವರು ಮೇಲೇರುತ್ತಾರೆ, ಇಪ್ಪತ್ತಮೂರು ಜನ ಕೆಳಗೆ ಕೂರುತ್ತಾರೆ. ಹಾಡು ಕೇಳಿ ಗೆಳೆಯರಾದವರು ಹಾರ ತುರಾಯಿ ನೋಡಿ ಮನೆಗೆ ಮರಳುತ್ತಾರೆ.

ನಮ್ಮ ಹಿರಿಯರಿಗೂ ಈ ಪ್ರಶ್ನೆ ಕಾಡದೆ ಇರಲಿಲ್ಲ. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಅಧಿವೇಶನ 1915ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಕನ್ನಡಿಗರೋ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವರು. ಬರೆಹದಲ್ಲಿ ಒಂದಾಗಿ, ನೆಲದಲ್ಲಿ ಬೇರೆ ಬೇರೆಯಾಗಿದ್ದವರು. ಒಂದೇ ಊರಿನಲ್ಲಿ ಬೇರೂರದೆ ಸಮ್ಮೇಳನ ಊರೂರು ತಿರುಗಿತು. 1928ರಲ್ಲಿ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಕಲಬುರಗಿಗೆ ಬಂತು, ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ. 1948ರಲ್ಲಿ ಕಾಸರಗೋಡು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷವೇ ಸಮ್ಮೇಳನ ಮತ್ತೆ ಕಲಬುರಗಿಗೆ ಬಂತು. ಆಗಿನ ಅಧ್ಯಕ್ಷರು ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿದ ಉತ್ತಂಗಿ ಚನ್ನಪ್ಪನವರು, ಒಬ್ಬ ಕ್ರೈಸ್ತ ಪಾದ್ರಿ. 1950ರಲ್ಲಿ ನಮ್ಮ ಆಳಂದದ ನೆರೆಯ ಸೊಲ್ಲಾಪುರ. ಸೌಕರ್ಯವೊಂದನ್ನೇ ನೋಡಿದ್ದರೆ ಅವರು ಪ್ರತಿವರ್ಷ ಬೆಂಗಳೂರಿನಲ್ಲೇ ಕೂಡಬಹುದಿತ್ತು. ಕಾಸರಗೋಡಿನವರೂ ಸೊಲ್ಲಾಪುರದವರೂ ಕನ್ನಡಮ್ಮನ ಮಕ್ಕಳೆಂದು ಕಾಗದದಲ್ಲಿ ಬರೆಯುವುದು ಒಂದು, ಅವರ ಅಂಗಳಕ್ಕೆ ಹೋಗಿ ಕೂರುವುದು ಇನ್ನೊಂದು.

ಇದನ್ನು ಬಳಗದವರಿಗೆ ಹೇಳಿದ್ದೇ ತಪ್ಪಾಯಿತು. ಪ್ರತಿಯೊಬ್ಬರೂ ತಮ್ಮ ಅಂಗಳವನ್ನು ಹೊಗಳತೊಡಗಿದರು. ಆಳಂದದವರು ಅಲಂದೆ ಸಾಸಿರದಿಂದ ಆರಂಭಿಸಿದರು. ಏಕಾಂತದ ರಾಮಯ್ಯ ತಮ್ಮೂರಿನವನೆಂಬುದಕ್ಕೆ ಅಬಲೂರಿನ ಶಾಸನವನ್ನೇ ಸಾಕ್ಷಿಗೆ ಕರೆದರು. ಲಾಡ್ಲೆ ಮಶಾಕರ ದರ್ಗಾ, ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಎಲ್ಲವನ್ನೂ ಸಾಲುಗೊಳಿಸಿದರು. ಅಫಜಲಪುರದವರು ಘತ್ತರಗಿ, ಗಾಣಗಾಪುರ ಎಂದರು. ಅಕ್ಕಲಕೋಟೆಯ ಗೆಳೆಯರು ಗಾಣಗಾಪುರದ ಪರ. ಗುರುಚರಿತ್ರೆಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡವಾಗಿತ್ತೆಂದು ನೆನಪಿಸಿ, ಮರಾಠಿ ನೆಲದಲ್ಲಿ ಕನ್ನಡ ಆಡುವ ತನಗೆ ಅದಕ್ಕಿಂತ ಹತ್ತಿರದ ಊರು ಯಾವುದಿದೆ ಎಂದು ಕೇಳಿದರು. ಜೇವರ್ಗಿಯ ಕಡೆಯಿಂದ ಮಾತೇ ಇಲ್ಲ. ನಾನೂ ಮೊದಲಿಗೆ ಅದನ್ನು ಗಮನಿಸಲಿಲ್ಲ. ಮಾತಾಡುವವರ ಮತವನ್ನೇ ಎಲ್ಲರ ಮತವೆಂದು ಎಣಿಸುವುದು ಸಂಚಾಲಕನಾದವನಿಗೆ ಬಲು ಸುಲಭ.

ಎಂಟು ದಿನ ಕಳೆದ ಮೇಲೆ, ಸುಮ್ಮನಿದ್ದವರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದೆ. ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಬಳಗದ ಸೋದರಿಯೊಬ್ಬರಿದ್ದಾರೆ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಓದಿದವರು. ಅವರ ಕಾಗದಗಳನ್ನು ನಾನು ಇಂದಿಗೂ ಕಟ್ಟಿ ಇಟ್ಟಿದ್ದೇನೆ. ಅವರಿಗೆ ಫೋನು ಮಾಡಿ ಎಲ್ಲಿಯಾದರೆ ಅನುಕೂಲವೆಂದು ಕೇಳಿದೆ.

“ಅಣ್ಣಾವ್ರೆ, ನೀವು ಎಲ್ಲಿ ಅಂತ ಕೇಳ್ತೀರಿ. ನನಗ ಬರೋದೇ ಆಗಂಗಿಲ್ಲ. ಸಾಹಿತ್ಯದ ಕೂಟಕ್ಕ ಹೊಂಟೀನಿ ಅಂತ ನಮ್ಮ ಮನ್ಯಾಗ ಹ್ಯಾಂಗ ಹೇಳ್ಲಿ?” ಎಂದರು.

ಖರ್ಚಿನ ಮಾತೆಂದು ತಿಳಿದು, 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲವಲ್ಲ ಎಂದೆ. ಅವರು ನಕ್ಕರು. “ಟಿಕೇಟು ಸರ್ಕಾರ ಕೊಟ್ಟದರಿ. ಅಪ್ಪಣಿ ಮನಿಯವರು ಕೊಡಬೇಕಲ್ಲ?” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: “ಗಾಣಗಾಪುರ ಅಂದ್ರ ಯಾರೂ ಏನೂ ಅನ್ನಂಗಿಲ್ಲ.”

ನನಗೆ ನಾಚಿಕೆಯಾಯಿತು. ನಾನು ದಾರ ಎಳೆದಿದ್ದೆ, ಕಿಲೋಮೀಟರು ಎಣಿಸಿದ್ದೆ. ಹೊಸ್ತಿಲಿಂದ ಬಸ್‌ನಿಲ್ದಾಣದವರೆಗಿನ ದೂರ ಯಾವ ಭೂಪಟದಲ್ಲೂ ಇಲ್ಲ.

ಗಾಣಗಾಪುರದ ಪರವಾಗಿ ಹೇಳಬೇಕಾದ ಮಾತು ಇನ್ನೂ ಇತ್ತು. ಅಲ್ಲಿ ತಂಗಲು ಧರ್ಮಶಾಲೆಗಳಿವೆ. ಮಧ್ಯಾಹ್ನದ ಹೊತ್ತು ಮಧುಕರಿ ಬೇಡುವ ಊರದು. ಹೊಸಬರು ಜೋಳಿಗೆ ಹಿಡಿದು ನಿಂತರೂ ಯಾರೂ ಬೆರಗಾಗರು. ಪುಣೆಯವರಿಗೆ ಮುಂಬಯಿ ಮಾರ್ಗದಲ್ಲೇ ‘ಗಾಣಗಾಪುರ ರೋಡ್’ ಎಂಬ ನಿಲ್ದಾಣವಿದೆ. ಅಲ್ಲಿಳಿದವರು ಮುಂದೆ ಇನ್ನೂ ಸಾಕಷ್ಟು ದೂರ ಬರಬೇಕೆಂಬುದನ್ನು ಮಾತ್ರ ಮೊದಲೇ ತಿಳಿಸಬೇಕು.

ಆದರೆ ಅಫಜಲಪುರದ ತರುಣನೊಬ್ಬ, ತನ್ನ ತಾಲ್ಲೂಕಿನ ಊರೇ ಗೆಲ್ಲುತ್ತಿದ್ದರೂ, ವಿರೋಧಿಸಿದ. “ಕಾಕಾ, ದೇವರ ಮರೆಯಾಗ ನಿಂತು ಪುಸ್ತಕದ ಮಾತಾಡಬೇಕೇನು? ಆ ಅಕ್ಕಗ ಸುಳ್ಳು ಹೇಳಂತ ನಾವೇ ಹೇಳಿದಂಗ ಆಗಂಗಿಲ್ಲೇನು? ಮತ್ತ ನಮ್ಮ ಮಾಸ್ತರರು ಅಲ್ಲಿ ಬರ್ತಾರೇನು?” ಮಾಸ್ತರರೆಂದರೆ ಆಳಂದದ ನಿವೃತ್ತ ಉರ್ದು ಶಿಕ್ಷಕರು, ನಮ್ಮಲ್ಲಿ ಅತ್ಯಂತ ಹಿರಿಯರು. ತರುಣನ ಮಾತಿನಲ್ಲಿ ನನಗೆ ಒಂದು ಅಕ್ಷರವೂ ತಪ್ಪೆನಿಸಲಿಲ್ಲ. ಹೆಂಗಸೊಬ್ಬಳು ಹಾಡು ಕೇಳಲು, ಕತೆ ಮಾತಾಡಲು ಹೊರಟೆನೆಂದು ಧೈರ್ಯವಾಗಿ ಹೇಳುವಂತಿರಬೇಕು. ಆದರೆ ಆ ದಿನ ಬರುವವರೆಗೆ ಆಕೆಯನ್ನು ಬಿಟ್ಟು ನಾವು ಕೂಡುವುದೋ? ನನ್ನ ಬುದ್ಧಿ ತರುಣನ ಕಡೆ, ನನ್ನ ಮತ ಗಾಣಗಾಪುರದ ಕಡೆ. ಈ ವಿರೋಧವನ್ನು ನಾನಿನ್ನೂ ಬಿಡಿಸಿಕೊಂಡಿಲ್ಲ.

ಮಾಸ್ತರರನ್ನು ನೇರವಾಗಿಯೇ ಕೇಳಿದೆ. ಅವರು ತಡಮಾಡದೆ ಅಂದರು: “ಕೊರಳ್ಳಿಯ ಕಟ್ಟೆಯಿಂದ ನಮ್ಮ ಅಮರ್ಜಾ ಹರಿದು ಹೋಗಿ ಭೀಮಾ ಕೂಡೋದು ಅಲ್ಲೇ ಅಲ್ಲೇನ್ರಿ? ಆಳಂದದ ನೀರು ಹೋಗೋ ಜಾಗಕ್ಕ ಆಳಂದದ ಮುದುಕ ಹೋಗಬಾರದೇನು? ಗುಡಿಯೊಳಗ ಬ್ಯಾಡ, ಸಂಗಮದ ಕಡೆ ಎಲ್ಲಾದರೂ ನೆರಳಾಗ ಕೂಡೋಣ.”

ಹೀಗೆ ಊರು ಗೊತ್ತಾಯಿತು. ದಿನ ಗೊತ್ತಾಗಬೇಕಿತ್ತು. ಮಳೆಗಾಲ ಬೇಡ, 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಹೊಳೆದಂಡೆಯವರು ಮರೆಯುವಂತಿಲ್ಲ. ಬೇಸಗೆಯ ಮಾತೇ ಬೇಡ. ತೊಗರಿಯ ರಾಶಿಯಾಗುವವರೆಗೆ ರೈತನಾದವನು ಹೊಲ ಬಿಟ್ಟು ಬರಲಾರ. ಉಳಿದದ್ದು ಫೆಬ್ರವರಿ. ಹುಣ್ಣಿಮೆಯಂದು ಜನಜಂಗುಳಿಯಲ್ಲಿ ನಮ್ಮ ಮಾತು ನಮಗೇ ಕೇಳಿಸದು. ಗುರುವಾರ ದತ್ತನ ದಿನ, ಸೋದರಿಗೆ ಅದೇ ಅನುಕೂಲ. ನೌಕರಿಯಲ್ಲಿರುವವರಿಗೆ ಗುರುವಾರ ರಜೆಯಿಲ್ಲ. ಕೊನೆಗೆ ಭಾನುವಾರವೇ ಆಯಿತು. ಬಹುಮತ ನೋಡಿ ಒಪ್ಪಿದೆನೇ ಹೊರತು ನನಗದು ಹಿತವೆನಿಸಲಿಲ್ಲ. ಆಕೆಗೆ ತಿಳಿಸಿದಾಗ, “ನೋಡ್ತೀನ್ರಿ” ಎಂದಷ್ಟೇ ಅಂದರು.

ಆ ದಿನ ಇಪ್ಪತ್ತೇಳರಲ್ಲಿ ಹತ್ತೊಂಬತ್ತು ಜನ ಸೇರಿದೆವು. ದನಿಯಿಂದ ಬಲ್ಲವರನ್ನು ಮುಖದಿಂದ ಗುರುತಿಸುವುದು ಒಂದು ವಿಚಿತ್ರ ಸಂಕೋಚ; ಕೆಲವರು ಕಣ್ಣುಮುಚ್ಚಿ ದನಿ ಕೇಳಿ, ಆಮೇಲೆ ಕಣ್ಣುತೆರೆದು ನಕ್ಕರು. ಹನ್ನೊಂದೂವರೆಯಾದರೂ ಜೇವರ್ಗಿಯ ಸೋದರಿ ಬರಲಿಲ್ಲ. ತರುಣ ನನ್ನ ಕಡೆ ನೋಡುವುದನ್ನು ತಪ್ಪಿಸುತ್ತಿದ್ದ. ಹನ್ನೆರಡಕ್ಕೆ ಅವರು ಬಂದರು. ಹಿಂದೆಯೇ, ಸೆರಗು ಬಿಗಿದು, ಕೈಯಲ್ಲಿ ಬುತ್ತಿಗಂಟು ಹಿಡಿದ ವೃದ್ಧೆಯೊಬ್ಬರು. ಒಬ್ಬಳೇ ಬೇಡ, ತಾನೂ ದರ್ಶನಕ್ಕೆ ಬರುತ್ತೇನೆಂದು ಅತ್ತೆ ಹೊರಟು ಬಂದಿದ್ದರು.

ನಮ್ಮೆಲ್ಲರ ಬಾಯಿ ಕಟ್ಟಿತು. ಆ ಮುದುಕಿ ಮಾತ್ರ ಸುತ್ತಲೂ ಕಣ್ಣಾಡಿಸಿ, ಒಬ್ಬೊಬ್ಬರ ಹೆಸರನ್ನೂ ಊರನ್ನೂ ಕೇಳತೊಡಗಿದರು. ನನ್ನ ಹೆಸರು ಹೇಳುತ್ತಲೇ ಹುಬ್ಬೇರಿಸಿ, “ಆ ಹಳೀ ನಾಟಕದ ಪದ ಬೇಕು ಅಂತ ಬರೆಯೋರು ನೀವೇನ್ರಿ? ನಾ ರೊಟ್ಟಿ ಬಡೀತಾ ದಿನಾ ರೇಡಿಯೋ ಕೇಳ್ತೀನಿ” ಎಂದರು. ಸೊಸೆ ಅತ್ತೆಯ ಮುಖವನ್ನು ಆಗಷ್ಟೇ ಕಂಡವರಂತೆ ನೋಡುತ್ತಿದ್ದರು.

ಬುತ್ತಿ ಬಿಚ್ಚಿದೆವು. ಮಾಸ್ತರರು ಒಂದು ಗಜಲು ಓದಿದರು. ಉಳಿದ ಕಾರ್ಯಕ್ರಮವೆಲ್ಲ ಮಾತಿನಲ್ಲೇ ಕಳೆಯಿತು. ನಾನು ಬರೆದುಕೊಂಡು ಹೋಗಿದ್ದ ಸ್ವಾಗತ ಭಾಷಣ ಚೀಲದಲ್ಲೇ ಉಳಿಯಿತು. ನಾಲ್ಕಕ್ಕೆ ಅತ್ತೆ ಸೊಸೆ ಎದ್ದರು, ಕತ್ತಲಾಗುವ ಮೊದಲು ಊರು ಮುಟ್ಟಬೇಕು. ಬಸ್ಸಿನವರೆಗೆ ಎಲ್ಲರೂ ಹೋದೆವು. ಕಿಟಕಿಯಿಂದ ಮುಖ ಹೊರಹಾಕಿ ಆ ವೃದ್ಧೆ ಕೂಗಿ ಹೇಳಿದರು: “ಮುಂದಿನ ವರ್ಷ ನೀವೇ ಹೊಳಿ ದಾಟಿ ಬರ್ರಿ! ರೊಟ್ಟಿ ನಾವು ಬಡೀತೀವಿ.”

ಆಳಂದದವರು ಈಗಲೂ ಸರದಿ ತಮ್ಮದೆನ್ನುತ್ತಿದ್ದಾರೆ. ಅವರಿಗೆ ನಾನಿನ್ನೂ ಉತ್ತರ ಬರೆದಿಲ್ಲ.