ಮುಪ್ಪಿನ ಮಾರುಕಟ್ಟೆ ಮತ್ತು ಮನೆಯೊಳಗಿನ ಮೌನ

(ಮಹಿಳಾ ಆರೋಗ್ಯ ಮಾಹಿತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಾರ್ಮೋನು ಚಿಕಿತ್ಸೆ ಮತ್ತು ಮುಪ್ಪು ಎಂಬ ವಿಷಯದ ಕುರಿತು ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ನಾವು ವೈದ್ಯರಲ್ಲ. ಯಾರಿಗೆ ಯಾವ ಮಾತ್ರೆ ಕೊಡಬೇಕೆಂದು ಹೇಳುವ ಅರ್ಹತೆ ನಮಗಿಲ್ಲ. ಆದರೆ ಔಷಧಿಯೊಂದು ಪ್ರಯೋಗಶಾಲೆಯಿಂದ ಹೊರಟು ನಮ್ಮ ಮನೆಯ ಕಪಾಟಿಗೆ ಬಂದು ಸೇರುವ ದಾರಿಯಲ್ಲಿ ವಿಜ್ಞಾನದ ಜೊತೆಗೆ ವ್ಯಾಪಾರವೂ, ಪತ್ರಿಕೆಯ ತಲೆಬರಹಗಳೂ, ಸಮಾಜದ ಸಂಕೋಚವೂ ಕೈಯಾಡಿಸಿರುತ್ತವೆ. ಆ ದಾರಿಯನ್ನು ಪರಿಶೀಲಿಸುವುದು ಪತ್ರಕರ್ತರ ಹೊಣೆ. ಆ ಮಿತಿಯೊಳಗೇ ನಾವು ಮಾತನಾಡುತ್ತೇವೆ.

ಹಾರ್ಮೋನು ಎಂದರೇನು? ದೇಹದ ಗ್ರಂಥಿಗಳಲ್ಲಿ ತಯಾರಾಗಿ, ರಕ್ತದ ಮೂಲಕ ಸಾಗಿ, ದೂರದ ಅಂಗಗಳಿಗೆ ಆಜ್ಞೆಯನ್ನು ತಲುಪಿಸುವ ರಾಸಾಯನಿಕವದು. ಗ್ರಂಥಿ ಕೆಟ್ಟಾಗ ಅದರ ಹಾರ್ಮೋನನ್ನು ಹೊರಗಿನಿಂದ ಕೊಡುವುದು ವೈದ್ಯಶಾಸ್ತ್ರದ ಮಹತ್ತರ ಸಾಧನೆಗಳಲ್ಲೊಂದು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡ್ ಸಾರವನ್ನು ಕೊಟ್ಟರು. ಆಕೆ ಮತ್ತೆ 28 ವರ್ಷ ಬದುಕಿದರು. 1922ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ, ಮಧುಮೇಹದಿಂದ ಸಾವಿನಂಚಿಗೆ ತಲುಪಿದ್ದ ಬಾಲಕನಿಗೆ ಇನ್ಸುಲಿನ್ ಕೊಟ್ಟಾಗ ಆತನೂ ಚೇತರಿಸಿಕೊಂಡನು. ಇಂದು ನಮ್ಮ ನಡುವೆ ಬೆಳಗೆದ್ದು ಥೈರಾಯ್ಡ್ ಮಾತ್ರೆ ನುಂಗುವವರೂ, ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುವವರೂ ಅನೇಕರಿದ್ದಾರೆ. ಇಲ್ಲಿ ರೋಗವಿದೆ, ಕೊರತೆಯಿದೆ, ಕೊರತೆಯನ್ನು ತುಂಬುವ ಮದ್ದಿದೆ. ಇದರ ಬಗ್ಗೆ ವಿವಾದವಿಲ್ಲ.

ವಿವಾದ ಹುಟ್ಟುವುದು, ಇದೇ ತರ್ಕವನ್ನು ಮುಪ್ಪಿಗೆ ಅನ್ವಯಿಸಿದಾಗ. ವಯಸ್ಸಾದಂತೆ ಕೆಲವು ಹಾರ್ಮೋನುಗಳು ಕಡಿಮೆಯಾಗುತ್ತವೆ, ಆದ್ದರಿಂದ ಅವುಗಳನ್ನು ತುಂಬಿಸಿದರೆ ಯೌವನ ಮರಳಬೇಕು ಎಂಬುದು ಆ ತರ್ಕ. 1889ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ವಿಜ್ಞಾನಿ ಬ್ರೌನ್-ಸೆಕಾರ್ ತನ್ನ 72ನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ಸಾರವನ್ನು ತನಗೇ ಚುಚ್ಚಿಕೊಂಡು, ಹಳೆಯ ಕಸುವು ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಘೋಷಿಸಿದರು. ವೃಷಣವು ಹಾರ್ಮೋನನ್ನು ತಯಾರಿಸುತ್ತದೆಯೇ ಹೊರತು ಕೂಡಿಟ್ಟುಕೊಳ್ಳುವುದಿಲ್ಲ. ಅದು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಆ ಚುಚ್ಚುಮದ್ದಿನಲ್ಲಿ ಇದ್ದದ್ದು ಬಹುಪಾಲು ನಂಬಿಕೆ ಮಾತ್ರ. ಐದು ವರ್ಷಗಳ ಬಳಿಕ ಅವರು ತೀರಿಕೊಂಡರು. ಆದರೆ ಅವರ ಆ ಘೋಷಣೆಯ ಮೇಲೆ ಕಟ್ಟಿದ ಮಾರುಕಟ್ಟೆ ಇಂದಿಗೂ ಜೀವಂತವಾಗಿದೆ.

ಈ ಮಾರುಕಟ್ಟೆಗೆ ಅತಿ ದೊಡ್ಡ ಗ್ರಾಹಕವರ್ಗವಾಗಿ ಒದಗಿದವರು ಮಹಿಳೆಯರು. ಮುಟ್ಟು ನಿಲ್ಲುವ ಕಾಲದಲ್ಲಿ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನಿನ ತಯಾರಿಕೆಯನ್ನು ನಿಲ್ಲಿಸುತ್ತವೆ. ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ಪ್ರೆಮರಿನ್ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಮೊದಮೊದಲು ಅದು ತೊಂದರೆಪಡುವವರ ಮದ್ದಾಗಿತ್ತು. 1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗತಜ್ಞ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಬರೆದರು. ಮುಟ್ಟು ನಿಲ್ಲುವುದೇ ಒಂದು ರೋಗ, ಈಸ್ಟ್ರೋಜನ್ ಇಲ್ಲದ ಹೆಣ್ಣು ಅಪೂರ್ಣಳು, ಮಾತ್ರೆ ನುಂಗಿದರೆ ಆಕೆ ಎಂದೆಂದಿಗೂ ತರುಣಿ ಎಂಬುದು ಅದರ ಸಾರ. ಪುಸ್ತಕ ಬಿಸಿದೋಸೆಯಂತೆ ಖರ್ಚಾಯಿತು. ಪುಸ್ತಕ ಬರೆಯುವ ವೆಚ್ಚವನ್ನು ಭರಿಸಿದ್ದು ಆ ಮಾತ್ರೆಯ ತಯಾರಕ ಕಂಪೆನಿಯೇ ಎಂದು ಲೇಖಕರ ಮಗ 2002ರಲ್ಲಿ ಬಹಿರಂಗಪಡಿಸಿದರು.

ಸಹೋದರಿಯರೇ, ಇಲ್ಲಿ ನಡೆದ ಅನ್ಯಾಯವನ್ನು ಗಮನಿಸಿ. ಜಗತ್ತಿನ ಪ್ರತಿಯೊಬ್ಬ ತಾಯಿ, ಪ್ರತಿಯೊಬ್ಬ ಅಜ್ಜಿ ಹಾದುಹೋಗುವ ಸಹಜ ಹಂತವೊಂದನ್ನು ರೋಗವೆಂದು ಕರೆಯಲಾಯಿತು. ರೋಗವೆಂದು ಕರೆದ ಮೇಲೆ ರೋಗಿಗಳು ತಾನಾಗಿ ಹುಟ್ಟಿದರು. ಹೆಣ್ಣಿನ ಬೆಲೆಯನ್ನು ಆಕೆಯ ಚರ್ಮದ ನುಣುಪಿನಿಂದ ಅಳೆಯುವ ಸಮಾಜದಲ್ಲಿ ಇಂತಹ ಸರಕಿಗೆ ಬೇಡಿಕೆ ಬರುವುದರಲ್ಲಿ ಆಶ್ಚರ್ಯವೇನಿದೆ?

1975ರಲ್ಲಿ ಮೊದಲ ಪೆಟ್ಟು ಬಿತ್ತು. ಈಸ್ಟ್ರೋಜನ್ ಒಂದನ್ನೇ ಸೇವಿಸುವ ಮಹಿಳೆಯರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ಅಧ್ಯಯನಗಳು ತೋರಿಸಿದವು. ಅದಕ್ಕೆ ಪರಿಹಾರವಾಗಿ, ಗರ್ಭಕೋಶ ಇರುವವರಿಗೆ ಪ್ರೊಜೆಸ್ಟೋಜನ್ ಎಂಬ ಎರಡನೇ ಹಾರ್ಮೋನನ್ನೂ ಸೇರಿಸಿ ಕೊಡುವ ಪದ್ಧತಿ ಬಂತು. ಅದು ಇಂದಿಗೂ ಪಾಲಿಸಬೇಕಾದ ನಿಯಮ. ಮುಂದಿನ ವರ್ಷಗಳಲ್ಲಿ ಇನ್ನೊಂದು ಆಶೆ ಚಿಗುರಿತು. ಅಮೆರಿಕದ ದಾದಿಯರ ಮೇಲೆ ನಡೆದ ದೀರ್ಘ ಅಧ್ಯಯನದಲ್ಲಿ ಹಾರ್ಮೋನು ಸೇವಿಸುವವರಿಗೆ ಹೃದ್ರೋಗ ಕಡಿಮೆಯೆಂದು ಕಂಡುಬಂತು. ಕೂಡಲೇ ತೊಂದರೆಯಿಲ್ಲದ ಮಹಿಳೆಯರಿಗೂ ಹೃದಯದ ರಕ್ಷಣೆಗೆಂದು ಮಾತ್ರೆ ಬರೆಯಲಾಯಿತು. ಆದರೆ ಮಾತ್ರೆ ಕೊಳ್ಳುತ್ತಿದ್ದವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು, ವ್ಯಾಯಾಮ ಮಾಡುವವರು, ವೈದ್ಯರಲ್ಲಿಗೆ ತಪ್ಪದೆ ಹೋಗುವವರು. ಅವರ ಹೃದಯವನ್ನು ಕಾಪಾಡಿದ್ದು ಮಾತ್ರೆಯೋ, ಅವರ ಬದುಕಿನ ಸ್ಥಿತಿಗತಿಯೋ?

ಇದಕ್ಕೆ ಉತ್ತರ ಕಂಡುಕೊಳ್ಳಲು ಅಮೆರಿಕದ ಸರಕಾರವೇ ದೊಡ್ಡ ಪ್ರಯೋಗವೊಂದನ್ನು ನಡೆಸಿತು. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂದು ಅದರ ಹೆಸರು. 50ರಿಂದ 79 ವರ್ಷದೊಳಗಿನ, ಗರ್ಭಕೋಶವಿದ್ದ 16,608 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ಹಾರ್ಮೋನುಗಳಿದ್ದ ಮಾತ್ರೆಯನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಮಾತ್ರೆಯನ್ನೂ ಕೊಡಲಾಯಿತು. ಸರಾಸರಿ 5.2 ವರ್ಷಗಳ ಬಳಿಕ, 2002ರ ಜುಲೈಯಲ್ಲಿ, ಹಾನಿಯೇ ಹೆಚ್ಚೆಂದು ಕಂಡು ಪ್ರಯೋಗದ ಈ ಭಾಗವನ್ನು ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಲಕ್ಷಾಂತರ ಮಹಿಳೆಯರು ಭಯಗೊಂಡು ಮಾತ್ರೆಯನ್ನು ಬಿಟ್ಟರು.

ಈಗ ಆ ಶೇ. 26ನ್ನು ಬಿಡಿಸಿ ನೋಡೋಣ. ಮದ್ದಿಲ್ಲದ ಮಾತ್ರೆ ಸೇವಿಸಿದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನು ಸೇವಿಸಿದ 10,000 ಮಂದಿಯಲ್ಲಿ 38 ಮಂದಿಗೆ ಬಂತು. ಅಂದರೆ ಎಂಟು ಹೆಚ್ಚು. ಪಾರ್ಶ್ವವಾಯು ಎಂಟು ಹೆಚ್ಚು, ಹೃದಯಾಘಾತ ಮೊದಲಾದ ಹೃದಯದ ತೊಂದರೆ ಏಳು ಹೆಚ್ಚು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಎಂಟು ಹೆಚ್ಚು. ಇನ್ನೊಂದೆಡೆ ಸೊಂಟದ ಮೂಳೆ ಮುರಿತ ಐದು ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆ. ಈ ಹೆಚ್ಚುವರಿ ಎಂಟು ಮಂದಿಯ ಪೈಕಿ ಒಬ್ಬರು ನಮ್ಮ ತಾಯಿಯೇ ಆಗಿರಬಹುದು. ಹಾಗಾಗಿ ಇದು ಸಣ್ಣ ಸಂಗತಿಯಲ್ಲ. ಆರೋಗ್ಯವಂತರಿಗೆ ಯೌವನದ ಹೆಸರಿನಲ್ಲಿ ಈ ಮಾತ್ರೆ ಕೊಡುವುದು ತಪ್ಪೆಂದು ಸಾಬೀತುಪಡಿಸಲು ಇಷ್ಟು ಸಾಕು. ಆದರೆ ರಾತ್ರಿಯಿಡೀ ನಿದ್ದೆಯಿಲ್ಲದೆ ಬೆವರುವ ಮಹಿಳೆಗೆ ಶೇ. 26 ಎಂಬ ಅಂಕೆಯನ್ನಷ್ಟೇ ಹೇಳಿ ಬೆದರಿಸುವುದೂ ನ್ಯಾಯವಲ್ಲ.

ಇನ್ನೊಂದು ಮಹತ್ವದ ಅಂಶವನ್ನು ತಲೆಬರಹಗಳು ಮರೆತವು. ಪ್ರಯೋಗದಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಬಹಳ ವರ್ಷಗಳು ಕಳೆದಿದ್ದವು. ಮುಟ್ಟು ನಿಲ್ಲುವ ಹೊತ್ತಿನಲ್ಲೇ ಚಿಕಿತ್ಸೆ ಆರಂಭಿಸುವವರ ಸ್ಥಿತಿ ಬೇರೆ. 60 ವರ್ಷ ದಾಟದ, ಅಥವಾ ಮುಟ್ಟು ನಿಂತು ಹತ್ತು ವರ್ಷ ಕಳೆಯದ, ಬೇರೆ ಅಡ್ಡಿಯಿಲ್ಲದ ಮಹಿಳೆಯರಲ್ಲಿ ತೀವ್ರ ತೊಂದರೆಗೆ ಹಾರ್ಮೋನು ಕೊಟ್ಟರೆ ಅಪಾಯಕ್ಕಿಂತ ಪ್ರಯೋಜನ ಹೆಚ್ಚೆಂಬುದು ತಜ್ಞರ ಇಂದಿನ ಅಭಿಪ್ರಾಯ. ಮಾತ್ರೆಗಿಂತ ಚರ್ಮದ ಮೂಲಕ ಕೊಡುವ ಪಟ್ಟಿ ಅಥವಾ ಜೆಲ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯೆಂದೂ ತಿಳಿದುಬಂದಿದೆ. ಆದರೆ ಮುಂದೆ ರೋಗ ಬಾರದಿರಲೆಂದು ತೊಂದರೆಯಿಲ್ಲದವರು ಇದನ್ನು ಸೇವಿಸುವುದು ಬೇಡವೆಂದು ಅಮೆರಿಕದ ರೋಗತಡೆ ತಜ್ಞರ ಕಾರ್ಯಪಡೆ 2022ರಲ್ಲೂ ಹೇಳಿತು. 2025ರ ನವೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆಯು ಈ ಔಷಧಿಗಳ ಮೇಲಿನ ಹೃದ್ರೋಗ, ಸ್ತನ ಕ್ಯಾನ್ಸರ್ ಮತ್ತು ಮರೆವಿನ ರೋಗದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಈ ಸುದ್ದಿಯನ್ನು ಹಿಡಿದುಕೊಂಡು ಮಾರುಕಟ್ಟೆಯು ಮತ್ತೆ 1966ರ ಹಾಡನ್ನು ಹಾಡಲಾರದೆಂದು ಯಾರು ಖಾತರಿ ಕೊಡಬಲ್ಲರು? ಅಪಾಯದ ಲೆಕ್ಕ ಬದಲಾದ ಮಾತ್ರಕ್ಕೆ ಮುಪ್ಪು ರೋಗವಾಗುವುದಿಲ್ಲ.

ಇದೆಲ್ಲ ದೂರದ ದೇಶದ ಕಥೆಯೆಂದು ನಮಗೆ ಅನಿಸಬಹುದು. ನಮ್ಮಲ್ಲಿರುವುದು ಇದಕ್ಕೆ ತದ್ವಿರುದ್ಧವಾದ ರೋಗ. ಅದರ ಹೆಸರು ಮೌನ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ಕ್ಕೆ ಮುಟ್ಟು ನಿಂತರೆ ಭಾರತದಲ್ಲಿ ಸುಮಾರು 46-47ಕ್ಕೇ ನಿಲ್ಲುತ್ತದೆ. ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು, ಕೀಲುನೋವು, ಮೂತ್ರದ ಉರಿ - ಇವನ್ನು ನಮ್ಮ ಮನೆಗಳಲ್ಲಿ ಯಾರು ಯಾರಿಗೆ ಹೇಳುತ್ತಾರೆ? ಗಂಡನಿಗೆ ಹೇಳಲು ನಾಚಿಕೆ, ಮಕ್ಕಳಿಗೆ ಹೇಳಲು ಸಂಕೋಚ, ವೈದ್ಯರು ಗಂಡಸಾಗಿದ್ದರೆ ಅಲ್ಲೂ ಬಾಯಿ ಕಟ್ಟಿರುತ್ತದೆ. ಮನೆಯವರು ಕಾಣುವುದು ಆಕೆಯ ಸಿಡುಕನ್ನು ಮಾತ್ರ. ‘ವಯಸ್ಸಾಯಿತಲ್ಲ, ಸಹಿಸಿಕೋ’ ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಮುಪ್ಪು ಸಹಜ, ನಿಜ. ಆದರೆ ಪರಿಹಾರವಿರುವ ನೋವನ್ನು ಸಹಜತೆಯ ಹೆಸರಿನಲ್ಲಿ ಆಕೆಯ ಮೇಲೆ ಹೇರುವುದು ಯಾವ ನ್ಯಾಯ?

ಇನ್ನೂ ಗಂಭೀರವಾದ ಸಂಗತಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯದ್ದು. ಬಡ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ನಡೆಸಲಾಗುತ್ತಿದೆಯೆಂಬ ದೂರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಅದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೊಳಿಸಬೇಕೆಂದು 2023ರ ಎಪ್ರಿಲ್‌ನಲ್ಲಿ ನ್ಯಾಯಾಲಯವು ರಾಜ್ಯಗಳಿಗೆ ಆದೇಶಿಸಿತು. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಂತರೂ ಹಾರ್ಮೋನು ಕೂಡಲೇ ನಿಲ್ಲುವುದಿಲ್ಲ. ಅಂಡಾಶಯಗಳೆರಡನ್ನೂ ತೆಗೆದರೆ 35ರ ಹೆಣ್ಣು ಒಂದೇ ದಿನದಲ್ಲಿ ಋತುಬಂಧಕ್ಕೆ ತಲುಪುತ್ತಾಳೆ. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ಇಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಇದು ಯೌವನದ ಖರೀದಿಯಲ್ಲ, ಕಳೆದುಹೋದದ್ದರ ಮರುಪೂರಣ. ವಿಪರ್ಯಾಸವೆಂದರೆ, ನ್ಯೂಯಾರ್ಕಿನ ಶ್ರೀಮಂತ ಮಹಿಳೆಗೆ ಅಗತ್ಯವಿಲ್ಲದೆಯೂ ಸಿಕ್ಕ ಔಷಧಿ, ನಿಜವಾಗಿ ಅಗತ್ಯವಿರುವ ನಮ್ಮ ಕೂಲಿ ಮಹಿಳೆಗೆ ಸಿಗುವುದು ಕಷ್ಟ. ಏನನ್ನು ತೆಗೆದರೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಕಾಗದವನ್ನು ತೆಗೆದಿರಿಸಿ. ಅಂಡಾಶಯ ಉಳಿಸಿದ್ದಾರೆಯೇ ಎಂದು ಕೇಳಿ.

ಸಹೋದರರಿಗೂ ಎರಡು ಮಾತು. ಮಾರುಕಟ್ಟೆಯು ನಮ್ಮನ್ನೂ ಬಿಟ್ಟಿಲ್ಲ. ಟೆಸ್ಟೋಸ್ಟೆರಾನ್ ಚುಚ್ಚಿಕೊಂಡರೆ ಮುಪ್ಪು ಓಡುತ್ತದೆಂಬ ಪ್ರಚಾರ ಅಮೆರಿಕದಲ್ಲಿ ಎಷ್ಟು ಬೆಳೆಯಿತೆಂದರೆ, ವಯಸ್ಸಿನಿಂದಾಗುವ ಇಳಿಕೆಗೆ ಈ ಔಷಧಿ ಅನುಮೋದಿತವಲ್ಲವೆಂದು ಅಲ್ಲಿನ ಇಲಾಖೆ 2015ರಲ್ಲಿ ಎಚ್ಚರಿಸಬೇಕಾಯಿತು. 65 ದಾಟಿದ 790 ಪುರುಷರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೈಂಗಿಕ ಆಸಕ್ತಿ ಸ್ವಲ್ಪ ಹೆಚ್ಚಿತೇ ಹೊರತು ಆಯಾಸ ನೀಗಲಿಲ್ಲ. ನಿಜವಾದ ಕೊರತೆ ಇರುವವರಿಗೆ ಚಿಕಿತ್ಸೆ ಬೇಕು. ಆದರೆ ವ್ಯಾಯಾಮ ಶಾಲೆಗಳಲ್ಲಿ ಕೈಯಿಂದ ಕೈಗೆ ದಾಟುವ ಚುಚ್ಚುಮದ್ದನ್ನು ತೆಗೆದುಕೊಳ್ಳುವ ತರುಣರು ಒಂದನ್ನು ತಿಳಿದಿರಬೇಕು: ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ದೇಹವು ತನ್ನದೇ ತಯಾರಿಕೆಯನ್ನು ನಿಲ್ಲಿಸುತ್ತದೆ, ವೀರ್ಯಾಣುಗಳು ಕುಸಿಯುತ್ತವೆ. ಪೌರುಷಕ್ಕೆಂದು ಕೊಂಡದ್ದೇ ಸಂತಾನಕ್ಕೆ ಅಡ್ಡಿಯಾಗುತ್ತದೆ.

ಬೆಳವಣಿಗೆಯ ಹಾರ್ಮೋನಿನ ಕಥೆಯೂ ಇಂಥದ್ದೇ. 1990ರಲ್ಲಿ ಕೇವಲ 12 ಮಂದಿ ವೃದ್ಧರಿಗೆ ಆರು ತಿಂಗಳು ಅದನ್ನು ಕೊಟ್ಟ ಅಧ್ಯಯನವೊಂದರಲ್ಲಿ ಕೊಬ್ಬು ಕರಗಿ ಮಾಂಸ ಹೆಚ್ಚಿದ್ದು ಕಂಡಿತು. ಅಷ್ಟರ ಮೇಲೆಯೇ ದೊಡ್ಡ ವ್ಯಾಪಾರ ಎದ್ದು ನಿಂತಿತು. ಆಯುಷ್ಯ ಹೆಚ್ಚುತ್ತದೆಂಬುದಕ್ಕೆ ಇಂದಿಗೂ ಪುರಾವೆಯಿಲ್ಲ. ಕೀಲುನೋವು, ಊತ, ಸಕ್ಕರೆ ಏರುವಿಕೆಗೆ ಪುರಾವೆಯಿದೆ. ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನನ್ನು ವೃದ್ಧರಿಗೆ ಎರಡು ವರ್ಷ ಕೊಟ್ಟು ನೋಡಿದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶಕ್ತಿಯಾಗಲಿ ಬದುಕಿನ ನೆಮ್ಮದಿಯಾಗಲಿ ಹೆಚ್ಚಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಯಾರೇ ಹಾರ್ಮೋನು ಬರೆದುಕೊಟ್ಟರೂ ನಾಲ್ಕು ಪ್ರಶ್ನೆ ಕೇಳೋಣ. ಇದು ನನ್ನ ಯಾವ ತೊಂದರೆಗೆ? ನನ್ನ ವಯಸ್ಸಿನಲ್ಲಿ ಹತ್ತು ಸಾವಿರ ಮಂದಿಯಲ್ಲಿ ಎಷ್ಟು ಮಂದಿಗೆ ಅಪಾಯ, ಎಷ್ಟು ಮಂದಿಗೆ ಲಾಭ? ಗರ್ಭಕೋಶವಿರುವ ನನಗೆ ಎರಡನೇ ಹಾರ್ಮೋನು ಸೇರಿದೆಯೇ? ಎಷ್ಟು ದಿನದ ಬಳಿಕ ಮರುಪರಿಶೀಲನೆ? ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ, ಯಕೃತ್ತಿನ ರೋಗ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ನಾಚಿಕೆ ಬದಿಗಿಟ್ಟು ಪರೀಕ್ಷೆ ಮಾಡಿಸಬೇಕು. ದಿನದ ನಡಿಗೆ, ಬಿಸಿಲು, ಹಾಲು-ರಾಗಿ-ಸೊಪ್ಪಿನ ಊಟ, ಹೊಗೆಸೊಪ್ಪಿನಿಂದ ದೂರ - ಇವುಗಳಿಗೆ ಜಾಹೀರಾತು ಇಲ್ಲ, ಏಕೆಂದರೆ ಲಾಭವಿಲ್ಲ. ಮೂಳೆಗೂ ಹೃದಯಕ್ಕೂ ಇವು ಎಲ್ಲ ವಯಸ್ಸಿನಲ್ಲೂ ಬೇಕು.

ಕೊನೆಯದಾಗಿ ಗಂಡಸರಲ್ಲಿ ಒಂದು ವಿನಂತಿ. ಈ ಸಭೆಯಿಂದ ಮನೆಗೆ ಹೋದ ಬಳಿಕ ತಾಯಿಯೊಡನೆ, ಪತ್ನಿಯೊಡನೆ ಕುಳಿತು, ನಿದ್ದೆ ಬರುತ್ತಿದೆಯೇ, ಮೈಗೆ ಏನಾದರೂ ತೊಂದರೆಯಿದೆಯೇ ಎಂದು ಕೇಳಿ. ಆಕೆ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ವೈದ್ಯರಲ್ಲಿಗೆ ಹೋಗುವ ದಿನ ಜೊತೆಗೆ ಹೋಗಿ. ಇದಕ್ಕೆ ಯಾವ ಕಂಪೆನಿಯ ಅನುಮತಿಯೂ ಬೇಕಿಲ್ಲ.