ಹೊಗೆಯ ಖರ್ಚು ಯಾರ ಲೆಕ್ಕಕ್ಕೆ?

(ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿ ನಡೆಸುವವರಿಗೆ ನಾನು ಲೆಕ್ಕ ಹೇಳಿಕೊಡಬೇಕಾಗಿಲ್ಲ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ರಾತ್ರಿ ಬಾಗಿಲು ಹಾಕುವ ಮುನ್ನ ಬರೆದಿಡುತ್ತೀರಿ. ಆದರೆ ಆ ಪುಸ್ತಕದಲ್ಲಿ ಎಂದೂ ಬರೆಯದ ಒಂದು ಖರ್ಚಿದೆ. ಅದು ರಸ್ತೆಯ ವಾಹನಗಳು ಬಿಡುವ ಹೊಗೆಯ ಖರ್ಚು. ಅದನ್ನು ತೆರುತ್ತಿರುವವರು ಯಾರು ಎಂಬುದೇ ಇಂದಿನ ಪ್ರಶ್ನೆ.

ಹತ್ತಿ ಧೂಳು ವರ್ಷಗಟ್ಟಲೆ ಒಳಹೋದರೆ ಎದೆ ಬಿಗಿಯುತ್ತದೆ, ಉಸಿರು ಸಾಲದಾಗುತ್ತದೆ ಎಂಬುದನ್ನು ಗಿರಣಿಯಲ್ಲಿ ದುಡಿದವರು ಬಲ್ಲಿರಿ. ಆ ಧೂಳು ಕಣ್ಣಿಗೆ ಕಾಣುತ್ತದೆ. ಡೀಸೆಲ್ ಹೊಗೆಯ ಸೂಕ್ಷ್ಮ ಕಣಗಳು ಕಾಣುವುದಿಲ್ಲ. ತಲೆಗೂದಲಿನ ದಪ್ಪವನ್ನು 30 ಪಾಲು ಮಾಡಿದರೆ ಒಂದು ಪಾಲಿನಷ್ಟು, ಅದಕ್ಕೂ ಸಣ್ಣ. ಅವು ಶ್ವಾಸಕೋಶದ ತಳ ಮುಟ್ಟುತ್ತವೆ, ರಕ್ತಕ್ಕೂ ಸೇರುತ್ತವೆ. ದಮ್ಮು, ಹೃದಯಾಘಾತ, ಪಾರ್ಶ್ವವಾಯುಗಳಿಗೆ ದಾರಿಯಾಗುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿಯೇ ಸಾರಿತು.

ಇನ್ನು ಹಣದ ಮಾತು. 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ ಸುಮಾರು 16.7 ಲಕ್ಷ ಜನ ಸತ್ತರೆಂದೂ, ಸಾವು-ಕಾಯಿಲೆಗಳಿಂದ ನಷ್ಟವಾದ ದುಡಿಮೆಯ ಬೆಲೆ ಸುಮಾರು 2.6 ಲಕ್ಷ ಕೋಟಿ ರೂಪಾಯಿಯೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಅಧ್ಯಯನವು ಲೆಕ್ಕ ಹಾಕಿತು. ಇದರಲ್ಲಿ ಒಲೆಯ ಹೊಗೆ, ಕಾರ್ಖಾನೆಯ ಹೊಗೆ ಎಲ್ಲವೂ ಸೇರಿವೆ. ವಾಹನಗಳದು ಒಂದು ಪಾಲು. ಆದರೆ ಪೇಟೆಯ ನಡುವೆ, ನಮ್ಮ ಮೂಗಿನ ಮಟ್ಟಕ್ಕೇ ಬಂದು ಬಡಿಯುವುದು ವಾಹನದ ಹೊಗೆ.

ಈ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಗಾಜು ಏರಿಸಿದ ಕಾರಿನವನು ಸಿಗ್ನಲಿನಲ್ಲಿ ಎರಡು ನಿಮಿಷ ನಿಂತು ಹೋಗುತ್ತಾನೆ. ಅದೇ ಸಿಗ್ನಲಿನ ಪಕ್ಕದಲ್ಲಿ ಸೊಪ್ಪು ಮಾರುವ ತಾಯಿ ದಿನವಿಡೀ ಕೂರುತ್ತಾಳೆ. ಇ.ಎಸ್.ಐ. ಇರುವ ಕಾರ್ಮಿಕನಿಗೆ ಕಾಯಿಲೆಯಲ್ಲಿ ಕೂಲಿಯ ನೂರಕ್ಕೆ 70 ಸಿಕ್ಕೀತು. ಅದೂ ವರ್ಷಕ್ಕೆ ಹೆಚ್ಚೆಂದರೆ 91 ದಿನ. ಆ ತಾಯಿಗೆ ಅದೂ ಇಲ್ಲ. ಬುಟ್ಟಿ ಇಳಿಸದ ದಿನ ಅವಳ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಮಾಡಿದವರೊಬ್ಬರು, ಉಣ್ಣುವವರು ಇನ್ನೊಬ್ಬರು!

ಹೊಗೆ ತಪಾಸಣೆಯ ಚೀಟಿಯಿಲ್ಲದ ಆಟೋ ಚಾಲಕನಿಗೆ 2019ರ ತಿದ್ದುಪಡಿಯಂತೆ 10,000 ರೂಪಾಯಿವರೆಗೆ ದಂಡ ಹಾಕಬಹುದು. ತಪಾಸಣೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತಪಾಸಣೆ ಮೇಲಿನವರಿಂದ ಮೊದಲಾಗಲಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯು ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ತಗ್ಗಿಸುವ ಕಳ್ಳ ಯುಕ್ತಿಯನ್ನು ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟದ್ದು 2015ರಲ್ಲಿ ಬಯಲಾಯಿತು. ರಸ್ತೆಯಲ್ಲಿ ಓಡಿಸಿ ಅಳೆದಾಗಲೇ ಆ ಮೋಸದ ಸುಳಿವು ಸಿಕ್ಕಿದ್ದು.

ಪರಿಹಾರವಿಲ್ಲವೇ? ಇದೆ. 1998ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 2002ರ ಕೊನೆಯ ಹೊತ್ತಿಗೆ ದೆಹಲಿಯ ನಗರ ಬಸ್ಸುಗಳು ಡೀಸೆಲ್ ಬಿಟ್ಟು ಸಿ.ಎನ್.ಜಿ.ಗೆ ಬಂದವು. ಆದರೆ ಖಾಸಗಿ ವಾಹನಗಳು ಬೆಳೆಯುತ್ತಲೇ ಹೋದುದರಿಂದ ಬಂದ ಲಾಭ ಕರಗಿತು. ಲಂಡನ್ ನಗರವು 2003ರಲ್ಲಿ ಊರ ನಡುವೆ ಬರುವ ಕಾರುಗಳ ಮೇಲೆ ದಿನದ ಸುಂಕ ಹಾಕಿ, ಆ ಹಣವನ್ನು ಬಸ್ಸು ಮೊದಲಾದ ಸಂಚಾರ ಸೌಕರ್ಯಕ್ಕೇ ತೊಡಗಿಸಿತು. ಇಂಧನ ಬದಲಿಸಿದರೆ ಸಾಲದು, ಜನಕ್ಕೆ ಬಸ್ಸು ಬೇಕೆಂಬುದೇ ಇದರ ಪಾಠ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ದೇಶದಲ್ಲಿ ಆ ಹಣದ ಹೆಚ್ಚಿನ ಪಾಲು ರಸ್ತೆ ಧೂಳು ತಗ್ಗಿಸುವ ಕೆಲಸಕ್ಕೇ ಹೋಗಿದೆ. ಧೂಳು ಗುಡಿಸಲಿ, ಬೇಡವೆನ್ನುವವರಾರು? ಆದರೆ ಬಸ್ಸಿಗೆಷ್ಟು ಕೊಟ್ಟಿರಿ, ಹೊಗೆ ಕಾರುವ ಹಳೆಯ ಲಾರಿ ಬದಲಿಸಲು ಎಷ್ಟು ಕೊಟ್ಟಿರಿ, ಬಡ ಚಾಲಕನಿಗೆ ಹೊಸ ಆಟೋ ಕೊಳ್ಳಲು ಎಷ್ಟು ನೆರವು ಕೊಟ್ಟಿರಿ ಎಂದು ಕೇಳುವ ಹಕ್ಕು ನಮ್ಮದು.

ನಗರಸಭೆಯ ಬಜೆಟ್ ಬಂದಾಗ ನಾಲ್ಕು ಜನ ಕೂಡಿ ಹೋಗಿ, ಕೇಳಿ. ಉತ್ತರ ಬರೆದು ಕೊಡಿರೆನ್ನಿ. ಖರ್ಚು ತೆತ್ತವರು ನಾವು. ಲೆಕ್ಕ ಕೇಳಬೇಕಾದವರೂ ನಾವೇ.